ಹದಿನೇಳನೆಯದು

ಹತ್ತನೆಯದು ಸುಲಭ. ಹತ್ತನೆಯದು ಯಾವಾಗಲೂ ದಾಕ್ಷಿಣ್ಯ.
ಬ್ಯಾಲರಾಟ್ ಕಡೆಯ ಮೂವರು ಹುಡುಗರು, ಅವರಲ್ಲೊಬ್ಬನ ತಾಯಿ
ನಮ್ಮ ಕ್ಲಿನಿಕ್ಕಿನಲ್ಲಿ ಫೋನ್ ಎತ್ತುವ ಲೊರೇನ್.
ಡ್ರಮ್ಮು ಒಂದು ಹೆಜ್ಜೆ ಹಿಂದೆ, ದನಿ ಎರಡು ಹೆಜ್ಜೆ ಮುಂದೆ.
ಆದರೂ ಐದನೇ ಹಾಡಿನ ನಡುವೆ ಯಾರೋ ಬಾಗಿಲು ಹಾಕಿಕೊಂಡ ಸದ್ದು,
ಅದನ್ನು ಅಳಿಸದೆ ಬಿಟ್ಟಿದ್ದಾರೆ.
ಗ್ರೇಸ್ ಮಾರ್ಕ್ಸ್ ಕೊಟ್ಟು ಪಾಸು ಮಾಡಿದೆ.

ನಾಳೆ ಮೂವತ್ತೊಂದು. ಸಂಜೆಯ ಅಂಚೆಗೆ ಬೀಳಬೇಕು ಪಟ್ಟಿ,
ಹೋಬಾರ್ಟಿನ ವೈಜಯಂತಿಗೆ. ಹನ್ನೊಂದು ವರ್ಷದ ಕರಾರು:
ಹತ್ತೇ ಆಲ್ಬಂ. ಒಂದು ಜಾಗಕ್ಕೆ ಒಂದೇ.
ಅಳು ಬಂತು ಎಂಬ ಕಾರಣ ನಡೆಯುವುದಿಲ್ಲ.
ಅವಳದು ಆಗಲೇ ಬಂದಿದೆ, ಫ್ರಿಜ್ಜಿನ ಬಾಗಿಲಲ್ಲಿ,
ಒಡೆಯದ ಲಕೋಟೆ, ಮಾವಿನಹಣ್ಣಿನ ಮ್ಯಾಗ್ನೆಟ್ಟಿನ ಕೆಳಗೆ.

ಜಿಲಾಂಗಿನಲ್ಲಿ ಮೂವತ್ತೆಂಟು ಡಿಗ್ರಿ. ಕಿಟಕಿ ಹಾಕಿದರೆ ಬೇಯುತ್ತೇನೆ,
ತೆಗೆದರೆ ರಿಫೈನರಿಯ ವಾಸನೆ, ಪಕ್ಕದ ಮನೆಯ ಕ್ರಿಕೆಟ್ ಕಾಮೆಂಟರಿ.

ಒಂಬತ್ತು, ಎಂಟು: ಬೇಗ ಮುಗಿಸುತ್ತೇನೆ.
ಒಂದು ಚೆಲ್ಲೋ. ಒಂದು ಜಗಳ.
ಏಳು ರೈಲಿನದು, ಮೆಲ್ಬರ್ನಿಗೆ ಹೋಗುವಾಗ ಇಷ್ಟ,
ಬರುವಾಗ ಇಲ್ಲ.
ಆರು ನನಗೆ ಹಿಡಿಸುವುದಿಲ್ಲ.
ನಲವತ್ತು ಸಲ ಕೇಳಿದ ಮೇಲೆ ಹೇಳುತ್ತಿದ್ದೇನೆ.
ಹಲ್ಲಿನ ಸಂದಿಗೆ ಸಿಕ್ಕ ನಾರು, ನಾಲಗೆ ಅಲ್ಲಿಗೇ ಹೋಗುತ್ತದೆ.

ಊಟದ ಮನೆಯಲ್ಲಿ ಕಡೆಯ ಪಂಕ್ತಿಗೆ ತಣ್ಣನೆ ಸಾರು.
ಇಲ್ಲಿ ತಿರುಗುಮುರುಗು: ಜನವರಿಯಲ್ಲಿ ಬಂದು ಕೂತವೇ
ಆರಿ ಹೋಗಿರುತ್ತವೆ. ಐದನೆಯದನ್ನು ಹಾಗಾಗಿ
ಮತ್ತೆ ಬಿಸಿ ಮಾಡಿಕೊಂಡೆ. ತಳ ಸ್ವಲ್ಪ ಹತ್ತಿತು.

ನಾಲ್ಕರಲ್ಲಿ ಸಿಕ್ಕಿಬಿದ್ದಿದ್ದೇನೆ.

ದಿನವಿಡೀ ಜನರನ್ನು ಗಾಜಿನ ಪೆಟ್ಟಿಗೆಯೊಳಗೆ ಕೂರಿಸಿ
‘ಕೇಳಿಸಿತಾ?’ ಎನ್ನುವುದು ನನ್ನ ಕಸುಬು.
‘ಇಷ್ಟವಾಯಿತಾ?’ ಎಂದು ಈವರೆಗೆ ಯಾರನ್ನೂ ಕೇಳಿಲ್ಲ.
ಮೊನ್ನೆ ಡೆಸ್ಮಂಡ್ ಬಂದಿದ್ದ. ಎಂಬತ್ತೊಂದು.
ಕಾರಿನ ಕಾರ್ಖಾನೆಯ ಪ್ರೆಸ್ ಶಾಪಿನಲ್ಲಿ
ಮೂವತ್ತು ವರ್ಷ ಎರಡೂ ಕಿವಿ ಅಡವಿಟ್ಟವನು.
ಅಕ್ಟೋಬರಿನಲ್ಲಿ ಹೊಸ ಯಂತ್ರ ಕೂರಿಸಿ ಕಳಿಸಿದ್ದೆ.
ಹೇಗಿದೆ ಅಂದರೆ, ಪೆಟ್ರೋಲ್ ಬಂಕಿನ ರಸೀದಿ ತೆಗೆದ,
ಬೆನ್ನಿಗೆ ಪೆನ್ಸಿಲ್ಲಿನ ಸಣ್ಣಕ್ಷರ, ಓದಿದ:
ಒಂದು, ಕಾರಿನ ಇಂಡಿಕೇಟರ್. ಅದು ಟಿಕ್ ಅನ್ನುವುದೇ ಮರೆತಿತ್ತು.
ಎರಡು, ಬಿಸ್ಕತ್ತಿನ ಪೊಟ್ಟಣ.
ಮೂರು, ತನ್ನದೇ ಉಚ್ಚೆ. (ನಕ್ಕ. ನಾನೂ.)
ಮ್ಯಾಗ್‌ಪೈ ಆರನೆಯದು, ಮಳೆ ಎಂಟು, ಮಳೆಯ ಬಗ್ಗೆ ಜನ
ಇಷ್ಟೊಂದು ಹೇಳುವುದೇಕೋ ಎಂದ.
ಹೆಂಡತಿ ಮರ್ಲೀನ್ ಪಾತ್ರೆ ತೊಳೆಯುತ್ತ ಹಾಡುತ್ತಾಳಂತೆ,
ಐವತ್ತಾರು ವರ್ಷದಿಂದ ಹಾಡುತ್ತಿರಬೇಕು.
‘ಹದಿನೇಳು’ ಎಂದ. ‘ಶ್ರುತಿ ಇಲ್ಲ.’
ರಸೀದಿ ಮಡಚಿ ಜೇಬಿಗಿಟ್ಟುಕೊಂಡ.

ಅಸೂಯೆಯಾಯಿತು. ಹನ್ನೊಂದು ವರ್ಷದಲ್ಲಿ
ಒಂದು ಸಲವೂ ನಾನು ಹಾಗೆ ಬರೆದಿಲ್ಲ,
ಪ್ರತಿ ಸಾಲಿನ ಹಿಂದೆಯೂ ವೈಜಯಂತಿಯ ಹುಬ್ಬು.

ಮೂರು ಮತ್ತು ಎರಡು, ಕಿಟಕಿ ಸೀಟಿಗೆ ಕಿತ್ತಾಡುವ ಅಣ್ಣತಮ್ಮ,
ಇವತ್ತು ಹೀಗಿರಲಿ.
ಒಂದು ಮಾರ್ಚಿನಿಂದಲೂ ಗೊತ್ತು. ಒಬ್ಬಳೇ ಹೆಂಗಸು,
ಮುರುಕು ಹಾರ್ಮೋನಿಯಂ, ಮೂವತ್ತೊಂದು ನಿಮಿಷ.
ಪ್ರತಿ ಹಾಡಿಗೂ ಮೊದಲು ತಿದಿಯ ಉಸಿರು,
ಹಾಡಲೋ ಬೇಡವೋ ಎಂಬಷ್ಟು ಹೊತ್ತು.
ಇದಕ್ಕೆ ವೈಜಯಂತಿ ಆಕಳಿಸುತ್ತಾಳೆ. ಆಕಳಿಸಲಿ.

ಫ್ರಿಜ್ಜು ಥಟ್ಟನೆ ನಿಂತಿತು.
ಇಷ್ಟು ಹೊತ್ತೂ ಅದು ಗುಂಯ್‌ಗುಡುತ್ತಿತ್ತೇ?
ಪಕ್ಕದ ಮನೆಯಲ್ಲಿ ಯಾರದೋ ವಿಕೆಟ್ಟು ಬಿತ್ತು.

ಆರನೆಯದನ್ನು ಹೊಡೆದು ಹಾಕಿ ನಾಲ್ಕಕ್ಕೆ ಏರಿಸಿದೆ.
ಹಿಡಿಸುವುದಿಲ್ಲ, ಎಂದು ಪಕ್ಕದಲ್ಲಿ ಬರೆದೆ.
ಈಗ ಆರು ಖಾಲಿ.