ಹಿನ್ನೀರಿನ ರಸ್ತೆ

ಫೆಬ್ರುವರಿಯಲ್ಲಿ ನೀರು ಇಲ್ಲಿತನಕ ಇತ್ತು,
ಈ ಬೇವಿನ ಬುಡದ ತನಕ.
ಹಳೇ ಬಾಗಲಕೋಟೆಯ ಡಾಂಬರು ಇಲ್ಲಿಗೆ ಬಂದು
ಹೇಳಬೇಕಾದ್ದು ಮರೆತವರ ಹಾಗೆ
ಸುಮ್ಮನೆ ನೀರೊಳಗೆ ಇಳಿದುಬಿಡುತ್ತಿತ್ತು.
ನನಗೂ ಅಷ್ಟೇ ಅಪ್ಪಣೆ:
ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ,
ಆರು ಸಲ. ನೋವು ಬಂದರೆ ಮನೆಗೆ.

ಅದಕ್ಕೂ ಮೊದಲು ಎಂಟು ತಿಂಗಳು
ಡಿಪೋದ ಪಾಸ್ ಕೌಂಟರಿನಲ್ಲಿ ಕೂತೇ ಇದ್ದೆ.
ಮೊಣಕಾಲ ಕೆಳಗಿನ ಎಲುಬಿನಲ್ಲಿ ಬಿರುಕು.
"ಕೂದಲೆಳಿಯಷ್ಟರಿ, ಭಾಳ ಇಲ್ಲ" ಅಂದ ಎಕ್ಸ್‌ರೇದವನು.
ಅವನ ಅನ್ನದಲ್ಲಿ ಎಂದೂ ಕೂದಲು ಸಿಕ್ಕಿಲ್ಲ, ಪುಣ್ಯವಂತ.

ಫಿಜಿಯೋ ಶಾಹೀನ್ ಬಾಗವಾನ
ನವನಗರದ ಒಂದು ಖಾಲಿ ಅಡ್ಡರಸ್ತೆಯಲ್ಲಿ
ನನ್ನನ್ನು ಓಡಲು ಬಿಟ್ಟು ಹಿಂದಿನಿಂದ ಮೊಬೈಲು ಹಿಡಿದಳು.
ಮೂವತ್ತಾರು ವರ್ಷಕ್ಕೆ ಮೊದಲ ಸಲ
ನನ್ನ ಬೆನ್ನನ್ನು ನಾನು ನೋಡಿದೆ.
ಯಾರೋ ತಲೆಯ ಮೇಲೆ ತುಂಬಿದ ಕೊಡ ಹೊತ್ತು
ಕಡೇ ಬಸ್ಸಿಗೆ ಓಡುತ್ತಿದ್ದಳು.
ಭುಜ ಕಿವಿಗೆ ಹತ್ತಿದ್ದವು.
ಎಡ ಸೊಂಟ ಹೆಜ್ಜೆಗೊಮ್ಮೆ
ಇಲ್ಲದ ಮೆಟ್ಟಿಲು ಇಳಿಯುತ್ತಿತ್ತು.
ಹಿಮ್ಮಡಿ ಮುಂದೆ ಮುಂದೆ ಚಾಚಿ
ಯಾರೂ ತೆಗೆಯದ ಕದ ಗುದ್ದಿದ ಹಾಗೆ
ನೆಲ ಗುದ್ದುತ್ತಿತ್ತು.
ಇದೇ ಓಟಕ್ಕೆ ಇಲಾಖೆಯ ಕ್ರೀಡಾಕೂಟದಲ್ಲಿ
ಎರಡು ಸಲ ಕುಕ್ಕರ್ ಗೆದ್ದಿದ್ದೆ.

"ಮುಂದ ಚಾಚಬ್ಯಾಡ್ರಿ ಅಕ್ಕಾ.
ನಿಮ್ಮ ಕಾಲು ನಿಮ್ಮ ಕೆಳಗ ಇಡ್ರಿ."
ಇಷ್ಟೇ.
ಇಷ್ಟಕ್ಕೆ ಒಂದು ಬೇಸಿಗೆ ಹಿಡಿಯಿತು.

ಅರ್ಧ ನಿಮಿಷಕ್ಕೆ ಬಲಗಾಲು ನಲವತ್ಮೂರು.
ದಿನವೆಲ್ಲ ಚಿಲ್ಲರೆ ಎಣಿಸುವವಳಿಗೆ ಎಣಿಕೆ ಕಷ್ಟವಲ್ಲ;
ಸಣ್ಣ ಹೆಜ್ಜೆ ಇಡಲು ನಾಚಿಕೆ.
ಮದುವೆ ಮನೆಯಲ್ಲಿ ಸೆರಗು ಸಿಕ್ಕಿಸಿಕೊಂಡು
ಬಡಿಸಲು ಓಡಾಡುವವರ ಹೆಜ್ಜೆ ಅದು.

ದಡದಲ್ಲಿ ಬಲೆ ಹೊಲಿಯುತ್ತಿದ್ದ ಅಂಬಿಗರ ಯಮನೂರಪ್ಪ
ಮೊದಲ ವಾರ ಕೇಳಿದ:
"ಯಾಕವ್ವಾ, ಯಾರರೆ ಬೆನ್ನ ಹತ್ಯಾರೇನು?"

ವಾರಕ್ಕೆ ನೂರಕ್ಕೆ ಹತ್ತು, ಅದಕ್ಕಿಂತ ಹೆಚ್ಚಿಲ್ಲ,
ಎಂದಿದ್ದಳು ಶಾಹೀನ್.
ನೀರಿಗೂ ಹೇಳಿದ್ದಳೋ ಏನೋ.
ಮಾರ್ಚಿಗೆ ಒಂದು ಮೈಲುಗಲ್ಲು ಬಿಟ್ಟುಕೊಟ್ಟಿತು,
ಅಕ್ಷರವೆಲ್ಲ ಪಾಚಿ.
ಆಮೇಲೆ ಗಿರಣಿಯ ಕಟ್ಟೆ,
ಕಟ್ಟೆಯ ಮೇಲೆ ಒಣಗಿದ ಒಂದು ಏಡಿ.
ಚಿಪ್ಪುಗಳು ಬೂಟಿನಡಿ ಹಪ್ಪಳವಾಗುತ್ತಿದ್ದವು.
ರಸ್ತೆ ಎಷ್ಟು ಮೇಲೆದ್ದಿತೋ ಅಷ್ಟು ನಾನು.

ಏಪ್ರಿಲಿನಲ್ಲಿ ಒಂದು ದಿನ ಮಾತ್ರ
ದೂರದ ಸೇತುವೆಯ ಕಂಬಿ ಕಂಡು
ದುರಾಸೆಗೆ ಬಿದ್ದೆ. ಹಳೇ ಓಟ ಓಡಿದೆ,
ಕೊಡ, ಬಸ್ಸು, ಎಲ್ಲ.
ಎಷ್ಟು ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ!
ಆಮೇಲೆ ಹನ್ನೊಂದು ರಾತ್ರಿ
ಹೆಬ್ಬೆರಳಿನಿಂದ ಎಲುಬು ಒತ್ತೊತ್ತಿ ಕೇಳಿದೆ:
ಇದ್ದೀಯಾ? ಹೋದೆಯಾ?
ಅದು ಉತ್ತರ ಕೊಡುವ ಜಾತಿಯದಲ್ಲ.

ಮೇ ಮುಗಿಯುವಾಗ ಯಮನೂರಪ್ಪ
ತಲೆ ಎತ್ತದೆ ಅಂದ:
"ಮದಲ ನೀ ಬಂದ್ರ ಮೀನ ಓಡತಿದ್ದೂ.
ಈಗ ನೀ ಬಂದದ್ದು ನನಗೂ ತಿಳ್ಯಾಂಗಿಲ್ಲ."
ಎರಡು ಕುಕ್ಕರಿಗಿಂತ ದೊಡ್ಡ ಮಾತು.

ಈಗ ಜುಲೈ. ಮೇಲೆಲ್ಲೋ ಮಳೆಯಂತೆ.
ಕೊಟ್ಟದ್ದನ್ನು ನೀರು
ಒಂದೊಂದಾಗಿ ವಾಪಸ್ಸು ತೆಗೆದುಕೊಂಡಿತು,
ಕಟ್ಟೆ, ಕಲ್ಲು, ಏಡಿ ಇದ್ದ ಜಾಗ.
ಇವತ್ತು ತಿರುಗುವಲ್ಲಿ ಅಂದಾಜು ತಪ್ಪಿ
ಆರೇಳು ಹೆಜ್ಜೆ ನೀರಲ್ಲೇ ಓಡಿ ಮರಳಿದೆ.

ಒಣ ಡಾಂಬರಿನ ಮೇಲೆ ಹಸಿ ಬೂಟಿನ ಗುರುತು.
ನಿಂತೆ. ಹಿಂದಕ್ಕೆ ಹೋಗಿ
ಕಳ್ಳನ ಜಾಡು ನೋಡುವವರ ಹಾಗೆ ಬಗ್ಗಿದೆ.
ಹಿಮ್ಮಡಿಯ ಒತ್ತು ತೆಳ್ಳಗೆ.
ನಡುವಿನ ಅಂತರ ಹೆಚ್ಚುಕಡಿಮೆ ಒಂದೇ.
ಎಡಗಾಲು ಮಾತ್ರ ಇನ್ನೂ ಚೂರು ಹೊರಗೆ ತಿರುಗಿದೆ,
ತೆಪ್ಪದಲ್ಲಿ ಯಾರಿದ್ದಾರೆ ಅಂತ ನೋಡುವ ಹಾಗೆ.

ನೋಡುತ್ತಿದ್ದಂತೆ ಒಂದೊಂದೇ ಆರಿದವು,
ಮೊದಲು ಬಲ, ಆಮೇಲೆ ಆ ಎಡ.
ಎಂಟೂವರೆಗೆ ಕೌಂಟರ್ ತೆರೆಯಬೇಕು.
ಬೇವಿನ ತನಕ ಇನ್ನೊಂದು ಸಲಕ್ಕೆ ಹೊತ್ತಿದೆ.