ಕರೆಂಟ್ ಹೋದಾಗ

ಮುಧೋಳದಾಗ ಹೊತ್ತು ಇಳಿಯೂ ಮುಂದ ಕರೆಂಟ್ ಹೋತು.
ದಸ್ತಗೀರನ ಸಲೂನಿನ ಕನ್ನಡಿಗೆ ಚೌಕಟ್ಟು,
ಸಾಗವಾನಿ ಪಟ್ಟಿ, ಮೂಲಿಗೆ ನಲವತ್ತೈದು ಡಿಗ್ರಿ.
ಅರ್ಧಾ ಕೊಯ್ದ ಗರಗಸ
ದನಿ ಇಳಿಸಿಕೋತ ಇಳಿಸಿಕೋತ ಬಂತು.

ಎಮ್ಮಿ ಕಟ್ಟತಿದ್ದ ಕೊಟಗಿ ಇದು,
ಈಗ ನೀಲಗಂಗಕ್ಕನ ವರ್ಕ್‌ಶಾಪು.
ಗ್ವಾದಲಿ ತುಂಬ ಕಟ್ಟಿಗಿ ಹೊಟ್ಟು,
ಕಿಡಕ್ಯಾಗ ಚಾದ ಗ್ಲಾಸು, ಅದರಾಗ
ಅಕಿ ತಗದಿಟ್ಟ ಬಳಿ.

ಸಿಕ್ಕ ಪಟ್ಟಿ ಎಳಿಯಾಕ ಕೈ ಚಾಚಿದೆ.
‘ಏ ತಮ್ಮಾ, ತಡಿ.’
ಬಟನ್ ಮ್ಯಾಲಿನ ಬೆರಳು ತಗದಳು, ಹಿಡಿಕಿ ಬಿಡಲಿಲ್ಲ.
ಹಲ್ಲು ಎಣಸಾಕ ಬರೂವಂಗ ಗಾಲಿ ನಿಂತಮ್ಯಾಲ
ಪ್ಲಗ್ ಕಿತ್ತು ನೆಲಕ್ಕ ಒಗದಳು,
ಆಮ್ಯಾಲ ಗರಗಸ ಎತ್ತಿದಳು.
‘ಸತ್ತ ಹಾವು, ಹೋದ ಕರೆಂಟು
ಎರಡನ್ನೂ ನಂಬಬ್ಯಾಡ.’

ಚಾ ಕುಡದ್ವಿ. ದಸ್ತಗೀರ ಎರಡು ಸಲ ಫೋನ್ ಮಾಡಿದ.
ಹಲ್ಲಿನಿಂದ ಒಂದು ಗೇಣು ದೂರ
ಮೇಜಿನ ಮ್ಯಾಲ ಅಕಿ ಎಳದ ಕೆಂಪು ಗೆರಿ;
ಕೈ ಅದರಾಚೆ, ಅವಸರ ಯಾರದರ ಇರಲಿ.

ಒಮ್ಮಿಗೆಲೆ ಓಣ್ಯಾಗ ಗಿರಣಿ ಒದರಿತು,
ಬಾಜೂಮನಿ ಮಿಕ್ಸರ್ ಹಲ್ಲು ಕಡೀತು,
ತಲಿ ಮ್ಯಾಲ ಬಲ್ಬು.
ನಮ್ಮ ಗರಗಸ ಸುಮ್ಮನಿತ್ತು.
ಹೊಟ್ಟಿನಾಗ ಪ್ಲಗ್ಗು
ಮೂರೂ ಕಾಲು ಮ್ಯಾಲ ಮಾಡಿ ಮಲಗಿತ್ತು.

ಇಬ್ಬರೂ ಅದನ್ನ ನೋಡಿದ್ವಿ.
‘ಕನ್ನಡಕ ಹಣಿ ಮ್ಯಾಲ ಐತಿ,’ ಅಂದಳು,
‘ಕಣ್ಣಿಗೆ ಇಳಸು.’