ಎರಡು ಓರೆಗೆರೆಯ ಹಿಂದೆ

ಅಪ್ಪಾ ಬಳವಂತ ಚೌಕದ ಮಾಳಿಗೆಯಲ್ಲಿ
ಲಗ್ನಪತ್ರಿಕೆಯ ಅಂಚಿಗೊಂದು ಬಳ್ಳಿ ಬೇಕು, ನಾಳೆಗೆ.
ಯಾರೋ ಬರೆದ ಫ್ರ್ಯಾಕ್ಟಲ್ ಸ್ಕ್ರಿಪ್ಟು ಇಳಿಸಿಕೊಂಡೆ,
ತಪ್ಪು ಫೋಲ್ಡರಿಗೆ ಹಾಕಿದೆ,
ಸರಿಯಾದದ್ದಕ್ಕೆ ಸರಿಸಿ, ಮುಚ್ಚಿ ತೆರೆದರೆ
ಮೆನುವಿನ ತಳದಲ್ಲಿ ಅದರ ಹೆಸರು,
ಹೊಸ ಬಾಡಿಗೆಯವನ ಹಾಗೆ.

ಒತ್ತಿದೆ. ನಲವತ್ತೊಂದನೆಯ ಸಾಲಲ್ಲಿ ಮುಗ್ಗರಿಸಿತು.
ಒಳಗೆ ಇಣುಕಿದರೆ
ಎರಡು ಓರೆಗೆರೆಯ ಹಿಂದೆ, ಯಂತ್ರ ಓದದ ಜಾಗದಲ್ಲಿ:
‘ರಾತ್ರಿಪಾಳಿಯಲ್ಲಿ ಬರೆದದ್ದು. ತಪ್ಪಿದ್ದರೆ ತಿದ್ದಿಕೊಳ್ಳಿ.’

ತೆರೆದೇ ಉಳಿದ ಬ್ರಾಕೆಟ್ಟಿಗೆ ಬಾಗಿಲು ಹಾಕಿದೆ.
ಎಲೆಯ ತುದಿಗೆ ಎಲೆ, ಅದರ ತುದಿಗೂ ಅದೇ ಎಲೆ.
ಕದಮ್ ಕಾಕಾ ಕನ್ನಡಕ ಏರಿಸಿ
“ಛಾನ್. ಗಣಪತಿ ಎಲ್ಲಿ?” ಅಂದರು.

ಗಣಪತಿಯನ್ನು ಕೂರಿಸಿ, ಉಳಿಸುವ ಮುನ್ನ
ಆ ಸಾಲಿನ ಕೆಳಗೆ ನಾನೂ ಎರಡು ಗೆರೆ ಎಳೆದೆ:
‘ತಿದ್ದಿದೆ. ಪುಣೆ. ಇಲ್ಲೂ ರಾತ್ರಿಯೇ.’